30 ಮಿಲಿಮೀಟರ್ ಅಗಲ ಸರಿ, ಆಳ ಎಷ್ಟು?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆ ಹಚ್ಚುವ ಪರೀಕ್ಷೆ ಪಾಸಿಟಿವ್ ಬಂದದ್ದರಿಂದ ಕೊಲೊನೋಸ್ಕೋಪಿ ಮಾಡಿಸಿದೆವು. ದೊಡ್ಡ ಕರುಳಿನ ಬಲಭಾಗದಲ್ಲಿ ಸುಮಾರು 30 ಮಿ.ಮೀ. ಅಗಲದ ಚಪ್ಪಟೆ ಗಡ್ಡೆ ಸಿಕ್ಕಿದೆ. ಅದನ್ನು ತೆಗೆಯದೆ ಎರಡು ಚೂರು ಮಾತ್ರ ಬಯಾಪ್ಸಿಗೆ ಕಳಿಸಿದರು. ವರದಿಯಲ್ಲಿ ‘ಟ್ಯೂಬ್ಯುಲೋವಿಲಸ್ ಅಡಿನೋಮಾ, ಹೈ ಗ್ರೇಡ್ ಡಿಸ್‌ಪ್ಲೇಸಿಯಾ’ ಎಂದಿದೆ. ಒಬ್ಬ ವೈದ್ಯರು ಕರುಳಿನ ಬಲಭಾಗವನ್ನೇ ಆಪರೇಷನ್ ಮಾಡಿ ತೆಗೆಯಬೇಕು ಎನ್ನುತ್ತಾರೆ. ಇನ್ನೊಬ್ಬರು ಎಂಡೋಸ್ಕೋಪಿನಿಂದಲೇ ತೆಗೆಯಬಹುದು ಎನ್ನುತ್ತಾರೆ. ಇದು ಕ್ಯಾನ್ಸರೋ ಅಲ್ಲವೋ? ಸಿಕ್ಕ ದಿನವೇ ಏಕೆ ತೆಗೆಯಲಿಲ್ಲ? ಒಳಗಿನಿಂದ ಕತ್ತರಿಸಿದರೆ ಅದು ಹರಡುವುದಿಲ್ಲವೇ? ಯಾರ ಮಾತು ಕೇಳುವುದು ಡಾಕ್ಟರೇ?

ಉತ್ತರ: ನೀವು ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ಗಡ್ಡೆ ಎಲ್ಲಿದೆ, ಎಷ್ಟು ಅಗಲವಿದೆ ಎಂದು ಬರೆದಿದ್ದಾರೆ. ಬಯಾಪ್ಸಿಯಲ್ಲಿ ಏನು ಬಂತು ಎಂಬುದೂ ಇದೆ. ಆದರೆ ಗಡ್ಡೆಯ ಮೇಲ್ಮೈ ಹೇಗಿತ್ತು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಆ ಒಂದು ಸಾಲು ಇದ್ದಿದ್ದರೆ ನಿಮ್ಮ ಇಬ್ಬರು ವೈದ್ಯರ ನಡುವೆ ಇಷ್ಟು ಭಿನ್ನಾಭಿಪ್ರಾಯ ಬರುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ಯಾರ ಮಾತು ಕೇಳಬೇಕು ಎಂಬುದಕ್ಕೆ ಮೊದಲು ಆ ಸಾಲನ್ನು ಬರೆಸಿಕೊಳ್ಳಬೇಕು. ಏಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ದೊಡ್ಡ ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ನಾಲ್ಕು ಪದರಗಳಿವೆ. ಎಲ್ಲಕ್ಕಿಂತ ಒಳಗಿನದು ಲೋಳೆಪದರ. ಅದರ ತಳಕ್ಕೆ ಎಳೆಯಂತಹ ಒಂದು ತೆಳು ಸ್ನಾಯುವಿನ ಗೆರೆ ಇರುತ್ತದೆ. ಅದರ ಕೆಳಗೆ ಸಬ್‌ಮ್ಯೂಕೋಸಾ ಎಂಬ ಸಡಿಲವಾದ ಪದರ. ರಕ್ತನಾಳಗಳೂ ದುಗ್ಧನಾಳಗಳೂ (ಲಿಂಫ್ ನಾಳಗಳು) ಹಾದುಹೋಗುವುದು ಇಲ್ಲಿ. ಆಮೇಲೆ ಕರುಳನ್ನು ಹಿಂಡಿ ಮುಂದೂಡುವ ದಪ್ಪ ಸ್ನಾಯು, ಅದರ ಹೊರಗೆ ತೆಳುವಾದ ಹೊದಿಕೆ. ಅಡಿನೋಮಾ ಎಂಬ, ಇನ್ನೂ ಕ್ಯಾನ್ಸರ್ ಆಗದ ಗಡ್ಡೆ ಹುಟ್ಟುವುದು ಲೋಳೆಪದರದಲ್ಲಿ; ಟ್ಯೂಬ್ಯುಲೋವಿಲಸ್ ಎಂಬುದು ಅದರ ಒಂದು ಬಗೆ. ಅದರ ಜೀವಕೋಶಗಳಲ್ಲಿ ಎಪಿಸಿ, ಕೆ-ರಾಸ್, ಟಿಪಿ53 ಮುಂತಾದ ಜೀನುಗಳು ಒಂದರ ಹಿಂದೊಂದು ಕೆಡುತ್ತ ಹೋದಂತೆ ಕೋಶಗಳ ಶಿಸ್ತು ತಪ್ಪುತ್ತದೆ. ಇದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಎಷ್ಟೋ ಅಡಿನೋಮಾಗಳು ಆ ದಾರಿಯನ್ನು ಪೂರ್ತಿ ಸವೆಸುವುದೇ ಇಲ್ಲ.

ಈ ದಾರಿಯಲ್ಲಿ ಒಂದು ಗಡಿಯಿದೆ. ಲೋಳೆಪದರದ ತಳದ ಆ ತೆಳು ಸ್ನಾಯುವಿನ ಗೆರೆಯೇ ಆ ಗಡಿ. ದೊಡ್ಡ ಕರುಳಿನ ಲೋಳೆಪದರದಲ್ಲಿ ದುಗ್ಧನಾಳಗಳು ತೀರ ವಿರಳ. ಹಾಗಾಗಿ ಕೆಟ್ಟ ಕೋಶಗಳು ಎಷ್ಟೇ ಕೆಟ್ಟಿರಲಿ, ಆ ಗೆರೆಯ ಮೇಲೆಯೇ ಇರುವವರೆಗೆ ದುಗ್ಧಗ್ರಂಥಿಗಳಿಗೆ ಹೋಗಲು ಅವಕ್ಕೆ ದಾರಿ ಇಲ್ಲವೆಂದೇ ಹೇಳಬಹುದು. ಗಡ್ಡೆಯನ್ನು ಪೂರ್ತಿ ತೆಗೆದರೆ ಕಥೆ ಅಲ್ಲಿಗೆ ಮುಗಿಯಿತು. ಗೆರೆ ದಾಟಿ ಸಬ್‌ಮ್ಯೂಕೋಸಾಕ್ಕೆ ಇಳಿದರೆ ಮಾತು ಬೇರೆ. ಅದಕ್ಕೆ ಟಿ1 ಕ್ಯಾನ್ಸರ್ ಎಂದು ಹೆಸರು. ಎಲ್ಲ ಟಿ1 ಕ್ಯಾನ್ಸರುಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ನೂರರಲ್ಲಿ ಸುಮಾರು ಹತ್ತು ಜನರಿಗೆ ದುಗ್ಧಗ್ರಂಥಿಗಳಲ್ಲಿ ರೋಗ ಇರುತ್ತದೆ. ಎಂಡೋಸ್ಕೋಪಿನಿಂದ ಗಡ್ಡೆಯನ್ನು ತೆಗೆಯಬಹುದು, ಕರುಳಿನ ಹೊರಗಿರುವ ಗ್ರಂಥಿಗಳನ್ನು ತೆಗೆಯಲಾಗುವುದಿಲ್ಲ. ಎಂಡೋಸ್ಕೋಪಿಯೋ ಆಪರೇಷನ್ನೋ ಎಂಬ ಜಗಳವೆಲ್ಲ ಹುಟ್ಟುವುದು ಇಲ್ಲಿಂದ.

ಈಗ ನಿಮ್ಮ ಮೊದಲ ಪ್ರಶ್ನೆ. ಹೈ ಗ್ರೇಡ್ ಡಿಸ್‌ಪ್ಲೇಸಿಯಾ ಎಂದರೆ ಕೋಶಗಳು ಬಹಳ ಕೆಟ್ಟಿವೆ, ಆದರೆ ಗಡಿ ದಾಟಿದ್ದು ಆ ಚೂರಿನಲ್ಲಿ ಕಂಡಿಲ್ಲ ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಗಡಿ ದಾಟದ್ದು ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಅಲ್ಲ. ತಮಾಷೆಯೆಂದರೆ, ಈ ಚೂರನ್ನಿಟ್ಟ ಗಾಜಿನ ಪಟ್ಟಿಯನ್ನೇ ಜಪಾನಿನ ಪೆಥಾಲಜಿ ತಜ್ಞರಿಗೆ (ಸೂಕ್ಷ್ಮದರ್ಶಕದಲ್ಲಿ ಚೂರನ್ನು ಪರೀಕ್ಷಿಸುವವರಿಗೆ) ಕೊಟ್ಟರೆ ಅವರು ‘ಲೋಳೆಪದರದೊಳಗಿನ ಕ್ಯಾನ್ಸರ್’ ಎಂದು ಬರೆಯುವ ಸಾಧ್ಯತೆ ಇದೆ. ಅವರು ಕೋಶಗಳ ರೂಪಕ್ಕೆ ಬೆಲೆ ಕೊಡುತ್ತಾರೆ, ಪಾಶ್ಚಾತ್ಯ ತಜ್ಞರು ಗಡಿ ದಾಟುವಿಕೆಗೆ. ಕಾಯಿಲೆ ಒಂದೇ, ಹೆಸರು ಎರಡು. ಈ ಗೊಂದಲವನ್ನು ಬಗೆಹರಿಸಲೆಂದೇ ಎರಡೂ ಕಡೆಯವರು ಕೂತು ವಿಯೆನ್ನಾ ವರ್ಗೀಕರಣ ಎಂಬುದನ್ನು ಮಾಡಿಕೊಂಡರು. ಅದರ ಪರಿಷ್ಕೃತ ರೂಪದಲ್ಲಿ ಈ ಎರಡು ಹೆಸರುಗಳೂ ಒಂದೇ ಗುಂಪಿನಲ್ಲಿವೆ. ಆದ್ದರಿಂದ ಇಂತಹ ಬಯಾಪ್ಸಿ ವರದಿಯಲ್ಲಿ ‘ಕ್ಯಾನ್ಸರ್’ ಎಂಬ ಪದ ಇದೆಯೋ ಇಲ್ಲವೋ ಎಂದು ಹುಡುಕುವುದಕ್ಕೆ ಹೆಚ್ಚು ಅರ್ಥವಿಲ್ಲ. ಗಡಿ ದಾಟಿದೆಯೇ, ದಾಟಿದ್ದರೆ ಎಷ್ಟು ದೂರ ಎಂದು ಕೇಳಬೇಕು.

ಆ ಪ್ರಶ್ನೆಗೆ ಬಯಾಪ್ಸಿ ಉತ್ತರ ಕೊಡಲಾರದು. ಇದನ್ನು ಹೇಳಿದರೆ ರೋಗಿಗಳಿಗೆ ಆಶ್ಚರ್ಯವಾಗುತ್ತದೆ, ಏಕೆಂದರೆ ಬಯಾಪ್ಸಿಯೇ ಅಂತಿಮ ತೀರ್ಪು ಎಂದು ನಾವೆಲ್ಲ ಕಲಿಸಿಬಿಟ್ಟಿದ್ದೇವೆ. ಬಯಾಪ್ಸಿಯ ಚಿಮಟ ಕಚ್ಚಿಕೊಂಡು ಬರುವುದು ಎರಡು ಮೂರು ಮಿಲಿಮೀಟರಿನ ಚೂರು, ಅದೂ ಮೇಲಿನಿಂದ. 30 ಮಿಲಿಮೀಟರ್ ಹಬ್ಬಿದ ಗಡ್ಡೆಯಲ್ಲಿ ಯಾವ ಮೂಲೆ ಆಳಕ್ಕೆ ಇಳಿದಿದೆಯೋ ಆ ಮೂಲೆಯನ್ನೇ ಅದು ಕಚ್ಚಿತು ಎಂದು ನಂಬುವುದು ಕುರುಡರು ಆನೆ ಮುಟ್ಟಿ ನೋಡಿದ ಹಾಗೆ. ಇದಕ್ಕಿಂತ ನನಗೆ ಬೇಸರವಾಗುವುದು ಬಯಾಪ್ಸಿ ಮಾಡುವ ಹಾನಿಯಿಂದ. ಕಚ್ಚಿದ ಜಾಗ ಮಾಯುವಾಗ ಕೆಳಗಿನ ಸಡಿಲ ಪದರದಲ್ಲಿ ಗಾಯದ ನಾರು ಬೆಳೆದು ಲೋಳೆಪದರವನ್ನು ಸ್ನಾಯುವಿಗೆ ಅಂಟಿಸಿಬಿಡುತ್ತದೆ. ಮುಂದೆ ಎಂಡೋಸ್ಕೋಪಿನಿಂದ ತೆಗೆಯಲು ಹೊರಟಾಗ ಆ ಜಾಗ ಮೇಲೇಳುವುದಿಲ್ಲ. ನಿಮ್ಮ ತಾಯಿಯವರಿಗೆ ಎರಡೇ ಚೂರು ತೆಗೆದಿದ್ದಾರೆ, ಅದು ಪುಣ್ಯ. ಹತ್ತು ಹನ್ನೆರಡು ಚೂರು ತೆಗೆದು ಕಳಿಸುವವರಿದ್ದಾರೆ. ಇನ್ನು ಕೆಲವರು ಗುರುತಿಗೆಂದು ಗಡ್ಡೆಯ ಅಡಿಗೇ ಹಚ್ಚೆಯ ಶಾಯಿ ಚುಚ್ಚಿಬಿಡುತ್ತಾರೆ. ಗುರುತು ಬೇಕಾದರೆ ಗಡ್ಡೆಯಿಂದ ಮೂರು ಸೆಂಟಿಮೀಟರಿನಷ್ಟಾದರೂ ದೂರದಲ್ಲಿ ಹಾಕಬೇಕು. ಶಾಯಿಯೂ ಕೆಳಗಿನ ಪದರವನ್ನು ಗಟ್ಟಿ ಮಾಡುತ್ತದೆ.

ಹಾಗಾದರೆ ಆಳ ತಿಳಿಯುವುದು ಹೇಗೆ? ನೋಡಿ. ಅಕ್ಷರಶಃ ಕಣ್ಣಿನಿಂದ ನೋಡಿ. ‘ಮೇಲೆ ಥಳಕು ಒಳಗೆ ಹುಳಕು’ ಎಂಬ ಗಾದೆ ಮನುಷ್ಯರ ವಿಷಯದಲ್ಲಿ ಸರಿ, ಕರುಳಿನ ಗಡ್ಡೆಯ ವಿಷಯದಲ್ಲಿ ಅಷ್ಟು ಸರಿಯಲ್ಲ. ಒಳಗೆ ಹುಳುಕಿದ್ದರೆ ಹೆಚ್ಚಿನ ಸಲ ಮೇಲೆ ಅದರ ಗುರುತು ಬಂದೇ ಇರುತ್ತದೆ. ಆ ಗುರುತನ್ನು ಓದುವ ತಾಳ್ಮೆ ಬೇಕು.

ಮೊದಲು ಆಕಾರ. ತೊಟ್ಟು ಇರುವ ಗಡ್ಡೆ, ತೊಟ್ಟಿಲ್ಲದೆ ಉಬ್ಬಿದ ಗಡ್ಡೆ, ಚಪ್ಪಟೆ ಗಡ್ಡೆ, ತಗ್ಗಾದ ಗಡ್ಡೆ ಎಂದು ವಿಂಗಡಿಸುವ ಪ್ಯಾರಿಸ್ ವರ್ಗೀಕರಣ 2002ರಿಂದ ಬಳಕೆಯಲ್ಲಿದೆ. 10 ಮಿ.ಮೀ. ದಾಟಿಯೂ ಎತ್ತರಕ್ಕೆ ಬೆಳೆಯದೆ ಪಾಚಿಯ ಹಾಗೆ ಪಕ್ಕಕ್ಕೆ ಹಬ್ಬುವ ಗಡ್ಡೆಗಳಿಗೆ ಎಲ್‌ಎಸ್‌ಟಿ ಎಂಬ ಹೆಸರಿದೆ. ನಿಮ್ಮ ತಾಯಿಯವರದು ಬಹುತೇಕ ಇದೇ ಜಾತಿ. ಇದರಲ್ಲೂ ಒಳಜಾತಿಗಳಿವೆ, ಮತ್ತು ಆ ವ್ಯತ್ಯಾಸ ಸಣ್ಣದಲ್ಲ. ಮೇಲ್ಮೈಯೆಲ್ಲ ಸಮನಾದ ಸಣ್ಣ ಹರಳುಗಳಿಂದ ಕೂಡಿದ್ದರೆ ಅಂಗೈ ಅಗಲವಿದ್ದರೂ ಆಳಕ್ಕೆ ಇಳಿದಿರುವ ಸಾಧ್ಯತೆ ನೂರಕ್ಕೆ ಒಂದೂ ಇರುವುದಿಲ್ಲ. ಹರಳುಗಳ ನಡುವೆ ಒಂದು ದೊಡ್ಡ ಗಂಟು ಎದ್ದಿದ್ದರೆ ಅದು ನೂರಕ್ಕೆ ಹತ್ತರ ಆಸುಪಾಸಿಗೆ ಏರುತ್ತದೆ, ಮತ್ತು ಆ ಗಂಟಿನ ಕೆಳಗೇ ಅಪಾಯ ಇರುತ್ತದೆ. ಹರಳೇ ಇಲ್ಲದ ನುಣುಪು ಮೇಲ್ಮೈ ಇದ್ದು ನಡುವೆ ಸ್ವಲ್ಪ ತಗ್ಗಿದ್ದರೆ ಮೂರರಲ್ಲಿ ಒಂದು ಗಡ್ಡೆ ಗಡಿ ದಾಟಿರುತ್ತದೆ. ನೋಡಿದಿರಾ, ಮೂರೂ 30 ಮಿ.ಮೀ. ಅಗಲವೇ ಇರಬಹುದು. ‘ದೊಡ್ಡದು, ಆದ್ದರಿಂದ ಆಪರೇಷನ್’ ಎಂಬ ವಾದ ಎಷ್ಟು ಪೊಳ್ಳು ಎಂಬುದಕ್ಕೆ ಇಷ್ಟು ಸಾಕು.

ತಗ್ಗು ಎಂಬ ಮಾತು ಬಂದದ್ದರಿಂದ ಒಂದು ಹಳೆಯ ಕಥೆ. ಜಪಾನಿನ ವೈದ್ಯ ಶಿನ್-ಎಯ್ ಕುಡೋ ಮತ್ತು ಅವರ ಜೊತೆಗಾರರು ಕೆಲವೇ ಮಿಲಿಮೀಟರಿನ, ಗುಳಿಬಿದ್ದ ಕ್ಯಾನ್ಸರುಗಳನ್ನು ತೋರಿಸತೊಡಗಿದಾಗ ಬೇರೆ ದೇಶಗಳ ಅನೇಕರು ಇದು ಜಪಾನಿನಲ್ಲಿ ಮಾತ್ರ ಕಾಣುವ ವಿಚಿತ್ರ ಎಂದು ಬದಿಗಿಟ್ಟರು. ಆಮೇಲೆ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಅದೇ ಜಾಗರೂಕತೆಯಿಂದ ಹುಡುಕಿದರು. ಅಲ್ಲೂ ಸಿಕ್ಕವು. ಅಲ್ಲಿ ಕೊರತೆ ಇದ್ದದ್ದು ಗಡ್ಡೆಗಳದ್ದಲ್ಲ, ಅವನ್ನು ನೋಡಬಲ್ಲ ಕಣ್ಣುಗಳದ್ದು.

ಆಕಾರದ ನಂತರ ಮೇಲ್ಮೈಯ ನೇಯ್ಗೆ. ಲೋಳೆಪದರದ ತುಂಬ ಲೋಳೆ ಸುರಿಸುವ ಪುಟ್ಟ ಗ್ರಂಥಿಗಳ (ದುಗ್ಧಗ್ರಂಥಿಗಳಲ್ಲ) ಬಾಯಿಗಳಿವೆ, ಸೂಜಿ ಚುಚ್ಚಿದ ರಂಧ್ರಗಳ ಹಾಗೆ. ಇಂಡಿಗೋ ಕಾರ್ಮಿನ್ ಎಂಬ ನೀಲಿ ಬಣ್ಣವನ್ನು ಎರಚಿದರೆ ಅದು ತಗ್ಗುಗಳಲ್ಲಿ ನಿಂತು ಈ ವಿನ್ಯಾಸವನ್ನು ಎತ್ತಿ ತೋರಿಸುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡಬೇಕೆಂದರೆ ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಹಾಕಿ ಹಿಗ್ಗಿಸಿ ನೋಡುತ್ತಾರೆ. ಕುಡೋ ಅವರ ಹೆಸರಿನ ವರ್ಗೀಕರಣ 1990ರ ದಶಕದಲ್ಲಿ ಬಂತು. ದುಂಡು ಬಾಯಿಗಳಿದ್ದರೆ ಸಹಜ ಲೋಳೆಪದರ, ನಕ್ಷತ್ರದಂತಿದ್ದರೆ ಹೆಚ್ಚಾಗಿ ನಿರಪಾಯಕಾರಿ ಪಾಲಿಪ್ (ಲೋಳೆಪದರದಲ್ಲಿ ಬೆಳೆಯುವ ಗಡ್ಡೆಗಳಿಗೆ ಸಾಮಾನ್ಯ ಹೆಸರು), ಉದ್ದುದ್ದ ಕೊಳವೆಗಳಾಗಿ ಅಥವಾ ಮಿದುಳಿನ ಮಡಿಕೆಗಳಾಗಿ ಕಂಡರೆ ಅಡಿನೋಮಾ. ಐದನೆಯ ಬಗೆಯಲ್ಲಿ ವಿನ್ಯಾಸ ಅಡ್ಡಾದಿಡ್ಡಿಯಾಗುತ್ತದೆ. ಕೊನೆಯ ಹಂತದಲ್ಲಿ ವಿನ್ಯಾಸವೇ ಅಳಿಸಿಹೋಗಿ ಬೋಳು ಜಾಗ ಉಳಿಯುತ್ತದೆ. ಕ್ಯಾನ್ಸರ್ ಕೆಳಕ್ಕೆ ಇಳಿದು ಗ್ರಂಥಿಗಳ ಕಟ್ಟಡವನ್ನೇ ಕೆಡವಿದೆ ಎಂಬುದರ ಗುರುತು ಅದು.

ಬಣ್ಣ ಎರಚದೆಯೂ ನೋಡುವ ಉಪಾಯವಿದೆ. ಎನ್‌ಬಿಐ ಎಂಬ ಬೆಳಕಿನ ವಿಧಾನದಲ್ಲಿ 415 ನ್ಯಾನೋಮೀಟರಿನ ನೀಲಿ ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕನ್ನು ಮಾತ್ರ ಬಿಡುತ್ತಾರೆ. ರಕ್ತದ ಹಿಮೋಗ್ಲೋಬಿನ್ ಈ ಎರಡನ್ನೂ ಚೆನ್ನಾಗಿ ಹೀರುತ್ತದೆ. ಹಾಗಾಗಿ ಮೇಲ್ಪದರದ ಸೂಕ್ಷ್ಮ ರಕ್ತನಾಳಗಳು ಕಂದು ಬಣ್ಣದ ಬಲೆಯಂತೆ ಎದ್ದು ಕಾಣುತ್ತವೆ. ಎಂಡೋಸ್ಕೋಪಿನ ಒಂದು ಗುಂಡಿ ಒತ್ತಿದರೆ ಸಾಕು. ಈ ಬಲೆಯನ್ನು ಓದಲು ಜೆನೆಟ್ ಎಂಬ ವರ್ಗೀಕರಣವಿದೆ. ಬಲೆ ಕ್ರಮವಾಗಿದ್ದರೆ 2ಎ: ಸಾಮಾನ್ಯ ಅಡಿನೋಮಾ, ಎಂಡೋಸ್ಕೋಪಿನಿಂದ ನಿಶ್ಚಿಂತೆಯಾಗಿ ತೆಗೆಯಬಹುದು. ಬಲೆ ಹರಿದು ನಾಳಗಳೇ ಇಲ್ಲದ ಖಾಲಿ ಜಾಗ ಕಂಡರೆ 3: ಆಳಕ್ಕೆ ಇಳಿದ ಕ್ಯಾನ್ಸರ್, ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು. ನಡುವೆ ಇರುವುದು 2ಬಿ: ಬಲೆ ಸೊಟ್ಟಗಾಗಿದೆ, ಹರಿದಿಲ್ಲ. ಹೈ ಗ್ರೇಡ್ ಡಿಸ್‌ಪ್ಲೇಸಿಯಾ ಇರಬಹುದು, ಗಡಿಯನ್ನು ತುಸು ದಾಟಿರಬಹುದು, ಕೆಲವೊಮ್ಮೆ ಆಳಕ್ಕೂ ಇಳಿದಿರಬಹುದು. ತಲೆ ಕೆರೆದುಕೊಳ್ಳುವ ಗುಂಪು ಇದು. ಬಣ್ಣ ಹಾಕಿ ಹಿಗ್ಗಿಸಿ ನೋಡುವ ಶ್ರಮ ಸಾರ್ಥಕವಾಗುವುದೂ ಇಲ್ಲೇ. ನಿಮ್ಮ ತಾಯಿಯವರ ಬಯಾಪ್ಸಿಯನ್ನು ನೋಡಿದರೆ ಅವರದು ಈ ಗುಂಪಿಗೆ ಸೇರಿದ್ದರೆ ನನಗೆ ಆಶ್ಚರ್ಯವಾಗದು. ಆದರೆ ಚಿತ್ರ ನೋಡದೆ ಹಾಗೆ ಹೇಳಿದರೆ ಅದು ಜ್ಯೋತಿಷ್ಯವಾದೀತು.

ಇದಕ್ಕೆಲ್ಲ ಮೊದಲು ಕರುಳು ಸ್ವಚ್ಛವಾಗಿರಬೇಕು, ವೈದ್ಯರಿಗೆ ಸಮಯವಿರಬೇಕು. ಕೊಲೊನೋಸ್ಕೋಪನ್ನು ಹೊರಗೆ ಎಳೆದುಕೊಳ್ಳುತ್ತ ನೋಡುವುದಕ್ಕೆ ಕನಿಷ್ಠ ಆರು ನಿಮಿಷ ಕೊಡಬೇಕೆಂಬುದು ಒಪ್ಪಿತ ಮಾನದಂಡ. ವೈದ್ಯರೊಬ್ಬರ ಪರೀಕ್ಷೆಗಳಲ್ಲಿ ಅಡಿನೋಮಾ ಸಿಗುವ ಪ್ರಮಾಣ ನೂರಕ್ಕೆ ಒಂದರಷ್ಟು ಹೆಚ್ಚಾದರೂ ಅವರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ನೂರಕ್ಕೆ ಮೂರರಷ್ಟು ಇಳಿಯುತ್ತದೆ ಎಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಪರದೆಯ ಮೇಲೆ ಚೌಕ ಎಳೆದು ‘ಇಲ್ಲೊಂದು ಪಾಲಿಪ್’ ಎನ್ನುತ್ತವೆ. ಒಳ್ಳೆಯದೇ. ಆದರೆ ಕ್ಯಾಮೆರಾ ಇಣುಕದ ಮಡಿಕೆಯ ಹಿಂದೆ ಏನಿದೆ ಎಂದು ಯಂತ್ರಕ್ಕೂ ತಿಳಿಯದು.

ನಿಮ್ಮ ಎರಡನೆಯ ಪ್ರಶ್ನೆ, ಸಿಕ್ಕ ದಿನವೇ ಏಕೆ ತೆಗೆಯಲಿಲ್ಲ ಎಂಬುದು. ತೆಗೆಯದೆ ಬಿಟ್ಟ ವೈದ್ಯರನ್ನು ನಾನು ಮೆಚ್ಚುತ್ತೇನೆ. 10 ಮಿ.ಮೀ. ಒಳಗಿನ ಪಾಲಿಪನ್ನು ಸಿಕ್ಕಾಗಲೇ ತೆಗೆಯಬೇಕು. ವಿದ್ಯುತ್ತಿಲ್ಲದ ತಂತಿಯ ಕುಣಿಕೆ ಹಾಕಿ ಸುತ್ತಲಿನ ಒಂದೆರಡು ಮಿಲಿಮೀಟರ್ ಸಹಜ ಲೋಳೆಪದರದೊಂದಿಗೆ ಕತ್ತರಿಸಿದರೆ ಮುಗಿಯಿತು. 30 ಮಿ.ಮೀ. ಗಡ್ಡೆ ಹಾಗಲ್ಲ. ಅದಕ್ಕೆ ಸಮಯ, ಸಲಕರಣೆ, ಪಳಗಿದ ಕೈ ಮೂರೂ ಬೇಕು. ರೋಗಿಗೆ ಮೊದಲೇ ವಿವರಿಸಿ ಒಪ್ಪಿಗೆ ಪಡೆದಿರಬೇಕು. ಅರ್ಧ ತೆಗೆದು, ರಕ್ತ ಬಂತೆಂದು ಕೈಬಿಟ್ಟು ಕಳಿಸಿದ ಗಡ್ಡೆಗಿಂತ ಕಷ್ಟದ ಗಡ್ಡೆ ಇನ್ನೊಂದಿಲ್ಲ. ಅರ್ಧ ಬಿಟ್ಟದ್ದರ ಅಡಿಯೆಲ್ಲ ನಾರುಗಟ್ಟಿರುತ್ತದೆ. ಮೊದಲ ಪ್ರಯತ್ನಕ್ಕೆ ಸಿಗುವ ಅನುಕೂಲ ಎರಡನೆಯದಕ್ಕೆ ಸಿಗುವುದಿಲ್ಲ. ಆ ಮೊದಲ ಪ್ರಯತ್ನವನ್ನು ಅದನ್ನು ಮುಗಿಸಬಲ್ಲವರ ಕೈಗೇ ಬಿಡಬೇಕು.

ತೆಗೆಯುವ ವಿಧಾನಗಳಿಗೆ ಬರೋಣ. ಕೊಲೊನೋಸ್ಕೋಪಿನ ಮೂಲಕ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ಕೆಲಸವನ್ನು 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಆರಂಭಿಸಿದರು. ಅದಕ್ಕೆ ಮುಂಚೆ ಗುದನಾಳದಿಂದ ದೂರವಿರುವ ಪಾಲಿಪ್ ತೆಗೆಯಬೇಕೆಂದರೆ ಹೊಟ್ಟೆ ಕೊಯ್ಯಬೇಕಿತ್ತು. ತೊಟ್ಟು ಇರುವ ಗಡ್ಡೆಗೆ ಕುಣಿಕೆ ಸಲೀಸು. ಚಪ್ಪಟೆ ಗಡ್ಡೆಗೆ ಹಿಡಿತ ಸಿಗುವುದಿಲ್ಲ, ಜೊತೆಗೆ ಕೆಳಗಿನ ಸ್ನಾಯುವೂ ಕುಣಿಕೆಗೆ ಸಿಕ್ಕಿ ತೂತಾಗುವ ಭಯ. ಇದಕ್ಕೆ ಉಪಾಯವೆಂದರೆ ಸಬ್‌ಮ್ಯೂಕೋಸಾಕ್ಕೆ ಬಣ್ಣ ಬೆರೆಸಿದ ದ್ರವವನ್ನು ಚುಚ್ಚಿ ಗಡ್ಡೆಯನ್ನು ಗುಳ್ಳೆಯಂತೆ ಮೇಲೆತ್ತುವುದು. ಹೀಗೆ ಎತ್ತಿ ಕುಣಿಕೆಯಿಂದ ಕತ್ತರಿಸುವುದೇ ಇಎಂಆರ್. ದ್ರವ ಚುಚ್ಚಿದಾಗ ಸುತ್ತಲಿನ ಲೋಳೆಪದರ ಮೇಲೆದ್ದು ಗಡ್ಡೆ ಮಾತ್ರ ಕೂತಲ್ಲೇ ಕೂತರೆ ಅದು ಸ್ನಾಯುವಿನ ಕಡೆಗೆ ಬೇರು ಬಿಟ್ಟಿರಬಹುದು. ಜಪಾನಿನ ವೈದ್ಯರು 1994ರಲ್ಲಿ ವಿವರಿಸಿದ ಈ ಲಕ್ಷಣ ಇಂದಿಗೂ ಉಪಯುಕ್ತ. ಒಂದೇ ತೊಡಕು: ಹಿಂದೆ ಬಯಾಪ್ಸಿ ಮಾಡಿದ್ದರೂ ಗಡ್ಡೆ ಮೇಲೇಳುವುದಿಲ್ಲ. ನಾನು ಬಯಾಪ್ಸಿಯನ್ನು ಬೈದದ್ದು ಸುಮ್ಮನೆ ಅಲ್ಲ.

ಇಎಂಆರ್‌ನಲ್ಲಿ 20 ಮಿ.ಮೀ.ವರೆಗಿನ ಗಡ್ಡೆಯನ್ನು ಸಾಮಾನ್ಯವಾಗಿ ಇಡಿಯಾಗಿ ತೆಗೆಯಬಹುದು. ಅದಕ್ಕಿಂತ ದೊಡ್ಡದಾದರೆ ತುಂಡು ತುಂಡಾಗಿ ತೆಗೆಯಬೇಕಾಗುತ್ತದೆ. ತುಂಡು ಮಾಡಿದರೆ ಎರಡು ನಷ್ಟ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಅಡಿನೋಮಾ ಉಳಿದು ಐದಾರು ಜನರಲ್ಲಿ ಒಬ್ಬರಿಗೆ ಅಲ್ಲೇ ಮತ್ತೆ ಬೆಳೆಯುತ್ತಿತ್ತು. ಈಗ ಗಡ್ಡೆ ತೆಗೆದ ಮೇಲೆ ಕುಣಿಕೆಯ ತುದಿಯಿಂದ ಗಾಯದ ಅಂಚನ್ನೆಲ್ಲ ಮೃದುವಾಗಿ ಸುಡುತ್ತಾರೆ. ಈ ಸರಳ ಹೆಜ್ಜೆಯಿಂದ ಮರುಬೆಳವಣಿಗೆ ನೂರಕ್ಕೆ ಐದರ ಆಸುಪಾಸಿಗೆ ಇಳಿದಿದೆ. ಎರಡನೆಯ ನಷ್ಟಕ್ಕೆ ಇಂತಹ ಪರಿಹಾರ ಇಲ್ಲ. ಗಡ್ಡೆಯಲ್ಲಿ ಎಲ್ಲೋ ಒಂದು ಕಡೆ ಕ್ಯಾನ್ಸರ್ ಗಡಿ ದಾಟಿದ್ದರೆ, ಎಂಟು ಹತ್ತು ತುಂಡುಗಳನ್ನು ಕೈಗೆ ಕೊಟ್ಟ ಮೇಲೆ ಪೆಥಾಲಜಿ ತಜ್ಞರು ಆಳವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಅಂಚು ಯಾವುದು, ನಡು ಯಾವುದು?

ಇದಕ್ಕೆ ಉತ್ತರವಾಗಿ ಬಂದದ್ದು ಇಎಸ್‌ಡಿ. ಮೊದಲಿಗೆ ಜಠರದ ಕ್ಯಾನ್ಸರಿಗಾಗಿ ಜಪಾನಿನಲ್ಲಿ ಬೆಳೆದ ವಿಧಾನ ಇದು. ಕುಣಿಕೆಯ ಬದಲು ಒಂದೆರಡು ಮಿಲಿಮೀಟರ್ ಉದ್ದದ ವಿದ್ಯುತ್ ಚಾಕುವಿನಿಂದ ಗಡ್ಡೆಯ ಸುತ್ತ ಲೋಳೆಪದರವನ್ನು ಸೀಳಿ, ಅಡಿಗೆ ನುಗ್ಗಿ, ಸಬ್‌ಮ್ಯೂಕೋಸಾದ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಇಡೀ ಗಡ್ಡೆಯನ್ನು ಒಂದೇ ಹಾಳೆಯಾಗಿ ಎಬ್ಬಿಸುತ್ತಾರೆ. ಜಠರಕ್ಕಿಂತ ದೊಡ್ಡ ಕರುಳಿನ ಗೋಡೆ ತೆಳು, ಜಾಗ ಇಕ್ಕಟ್ಟು, ಮಡಿಕೆಗಳು ಬೇರೆ; ಆದ್ದರಿಂದ ಇಲ್ಲಿಗೆ ಬರಲು ತಡವಾಯಿತು. ಜಪಾನಿನ ಆರೋಗ್ಯ ವಿಮೆ ಕರುಳಿನ ಇಎಸ್‌ಡಿಗೆ ಹಣ ಕೊಡಲು ಒಪ್ಪಿದ್ದು 2012ರಲ್ಲಿ. ಎರಡು ಮೂರು ಗಂಟೆ ಹಿಡಿದರೂ ಹಿಡಿಯಬಹುದು. ಪಳಗಿದವರ ಕೈಯಲ್ಲೂ ನೂರರಲ್ಲಿ ಸುಮಾರು ಐವರಿಗೆ ಕರುಳಿನಲ್ಲಿ ಸಣ್ಣ ತೂತಾಗುತ್ತದೆ. ಇಎಂಆರ್‌ನಲ್ಲಿ ಅದು ಒಂದೆರಡು ಮಾತ್ರ. ಹೆಚ್ಚಿನವನ್ನು ಆಗಲೇ ಲೋಹದ ಕ್ಲಿಪ್ ಹಾಕಿ ಮುಚ್ಚಬಹುದು.

ಹಾಗಾದರೆ ಎಲ್ಲರಿಗೂ ಇಎಸ್‌ಡಿಯೇ ಮಾಡಬಾರದೇ ಎಂದರೆ, ಬೇಡ ಎಂಬುದು ನನ್ನ ಅಭಿಪ್ರಾಯ. ಸಮನಾದ ಹರಳುಗಳ, 2ಎ ವಿನ್ಯಾಸದ ಗಡ್ಡೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಮೇಲ್ಮೈಯೇ ಹೇಳುತ್ತಿರುವಾಗ ಅದನ್ನು ಇಡಿಯಾಗಿ ತೆಗೆಯುವ ಹಟಕ್ಕೆ ಮೂರು ಗಂಟೆ ಸುರಿಯುವುದು ವೈದ್ಯರ ಹೆಮ್ಮೆಗೆ ಹೊರತು ರೋಗಿಯ ಹಿತಕ್ಕಲ್ಲ. ಅಲ್ಲಿ ತುಂಡು ತುಂಡಾಗಿ ಇಎಂಆರ್ ಮಾಡಿ, ಅಂಚು ಸುಟ್ಟು, ಆರು ತಿಂಗಳಿಗೆ ಮತ್ತೆ ನೋಡಿದರೆ ಸಾಕು. ನುಣುಪು ಮೇಲ್ಮೈಯ ತಗ್ಗು ಗಡ್ಡೆ, ದೊಡ್ಡ ಗಂಟಿರುವ ಗಡ್ಡೆ, 2ಬಿ ವಿನ್ಯಾಸದ ಗಡ್ಡೆ ಇವುಗಳಿಗೆ ಇಡಿಯಾಗಿ ತೆಗೆಯುವುದೇ ನ್ಯಾಯ. ಜಪಾನಿನಲ್ಲಿ ಇಎಸ್‌ಡಿ ಕಡೆಗೆ ಒಲವು ಹೆಚ್ಚು, ಪಶ್ಚಿಮದಲ್ಲಿ ಇಎಂಆರ್ ಕಡೆಗೆ. ಎರಡೂ ಕಡೆ ಒಳ್ಳೆಯ ವೈದ್ಯರಿದ್ದಾರೆ.

ಆಪರೇಷನ್ ಹೇಳಿದ ವೈದ್ಯರು ತಪ್ಪು ಎಂದೇ? ಮೇಲ್ಮೈಯಲ್ಲಿ ಬೋಳು ಜಾಗ ಅಥವಾ 3ನೇ ಬಗೆಯ ಬಲೆ ನೋಡಿ ಹೇಳಿದ್ದರೆ ಅವರದೇ ಸರಿ. ಅಲ್ಲಿ ಎಂಡೋಸ್ಕೋಪಿನ ಸಾಹಸ ಬೇಡ. ಕರುಳಿನ ಆ ಭಾಗವನ್ನು ಅದರ ದುಗ್ಧಗ್ರಂಥಿಗಳೊಂದಿಗೆ ತೆಗೆಯಬೇಕು, ಮತ್ತು ಈ ಹಂತದಲ್ಲಿ ಅದರ ಫಲಿತಾಂಶ ಬಹಳ ಚೆನ್ನಾಗಿರುತ್ತದೆ. ಗಾತ್ರ ನೋಡಿ ಅಥವಾ ‘ಹೈ ಗ್ರೇಡ್’ ಎಂಬ ಪದ ಓದಿ ಹೇಳಿದ್ದರೆ ನಾನು ಒಪ್ಪುವುದಿಲ್ಲ. ಕ್ಯಾನ್ಸರ್ ಅಲ್ಲದ ಪಾಲಿಪಿಗೆಂದು ಕರುಳು ಕತ್ತರಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು ಜನರಿಗೆ ಗಂಭೀರ ತೊಂದರೆಗಳಾದವು, ಇನ್ನೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನ ತಿಂಗಳೊಳಗೆ ತೀರಿಕೊಂಡರು ಎಂದು ಅಮೆರಿಕದ ಅಂಕಿಅಂಶಗಳು ಹೇಳುತ್ತವೆ. ಎಂಡೋಸ್ಕೋಪಿನಿಂದ ಹೋಗುವ ಗಡ್ಡೆಗೆ ಇದು ದುಬಾರಿ ಬೆಲೆ.

ಒಳಗಿನಿಂದ ಕತ್ತರಿಸಿದರೆ ಹರಡುತ್ತದೆಯೇ ಎಂಬ ಹೆದರಿಕೆ ಬಹಳ ಜನರಿಗಿದೆ. ಲೋಳೆಪದರದ ಗಡ್ಡೆ ಕತ್ತರಿಸಿದ್ದರಿಂದ ಹರಡುವುದಿಲ್ಲ. ಟಿ1 ಕ್ಯಾನ್ಸರನ್ನು ಮೊದಲು ಎಂಡೋಸ್ಕೋಪಿನಿಂದ ತೆಗೆದು ವರದಿ ನೋಡಿ ಆಮೇಲೆ ಆಪರೇಷನ್ ಮಾಡಿದವರಿಗೂ, ನೇರವಾಗಿ ಆಪರೇಷನ್ ಮಾಡಿದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಂಡಿಲ್ಲ. ಅಂದರೆ ಇಡಿಯಾಗಿ ತೆಗೆದ ಗಡ್ಡೆಯೇ ಅತ್ಯುತ್ತಮ ಬಯಾಪ್ಸಿ.

ಹಾಗೆ ತೆಗೆದ ಹಾಳೆಯನ್ನು ಬಾಟಲಿಗೆ ತುರುಕಿ ಕಳಿಸುವಂತಿಲ್ಲ. ಮುದುಡದಂತೆ ಕಾರ್ಕ್ ಅಥವಾ ರಬ್ಬರ್ ಹಲಗೆಯ ಮೇಲೆ ಚಾಚಿ, ಗುಂಡುಸೂಜಿ ಚುಚ್ಚಿ, ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಆಮೇಲೆ ಎರಡು ಮೂರು ಮಿಲಿಮೀಟರಿಗೊಂದು ಸೀಳು. ವರದಿ ಬಂದಾಗ ಐದು ವಿಷಯ ನೋಡಿ. ಅಂಚುಗಳಲ್ಲಿ, ಅದಕ್ಕಿಂತ ಮುಖ್ಯವಾಗಿ ತಳದಲ್ಲಿ, ಗಡ್ಡೆ ಉಳಿದಿದೆಯೇ? ಕ್ಯಾನ್ಸರ್ ಗಡಿ ದಾಟಿದ್ದರೆ ಎಷ್ಟು ಆಳ, 1000 ಮೈಕ್ರಾನಿಗಿಂತ ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆಯೇ? ಕೋಶಗಳ ಸ್ವರೂಪ ತೀರ ಕೆಟ್ಟದ್ದೇ? ರಕ್ತನಾಳ ಅಥವಾ ದುಗ್ಧನಾಳದೊಳಗೆ ಕೋಶಗಳು ಕಂಡಿವೆಯೇ? ಮುಂಚೂಣಿಯಲ್ಲಿ ಕೋಶಗಳು ಗುಂಪು ಬಿಟ್ಟು ಒಂಟಿಯಾಗಿ, ಪುಟ್ಟ ಗುಂಪುಗಳಾಗಿ ಮೊಳಕೆಯಂತೆ ಹೊರಟಿವೆಯೇ? ಈ ಎಲ್ಲ ಲೆಕ್ಕದಲ್ಲೂ ಒಳ್ಳೆಯ ಉತ್ತರ ಬಂದರೆ ದುಗ್ಧಗ್ರಂಥಿಗೆ ಹೋಗಿರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಒಂದು ಕೆಟ್ಟಿದ್ದರೂ ಆಪರೇಷನ್ ಬಗ್ಗೆ ಕೂತು ಮಾತಾಡಬೇಕು. ಕೂತು ಮಾತಾಡಬೇಕು ಎಂದೆ, ಮಾಡಿಸಲೇಬೇಕು ಎಂದಲ್ಲ: ಕೆಟ್ಟಿರುವುದು ಆಳ ಒಂದೇ ಆದರೆ ಅಪಾಯ ಅಷ್ಟೇನೂ ಏರುವುದಿಲ್ಲ ಎಂದು ಈಚಿನ ಅಧ್ಯಯನಗಳು ತೋರಿಸುತ್ತಿವೆ. ರೋಗಿಯ ವಯಸ್ಸು, ಹೃದಯ, ಮನಸ್ಸು ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ.

ಈಗ ನೀವು ಮಾಡಬೇಕಾದದ್ದು. ಕೊಲೊನೋಸ್ಕೋಪಿಯ ಚಿತ್ರಗಳನ್ನು, ವಿಡಿಯೋ ಇದ್ದರೆ ಅದನ್ನೂ, ಕೇಳಿ ತೆಗೆದುಕೊಳ್ಳಿ. ಚಪ್ಪಟೆ ಗಡ್ಡೆಗಳನ್ನು ನಿತ್ಯ ತೆಗೆಯುವ ಎಂಡೋಸ್ಕೋಪಿ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ಅವರೇ ಮತ್ತೊಮ್ಮೆ ನೋಡಲಿ. ‘ಜೆನೆಟ್ ಯಾವುದು, ಹರಳಿನದೋ ನುಣುಪಿನದೋ, ಇಡಿಯಾಗಿ ತೆಗೆಯುತ್ತೀರೋ ತುಂಡಾಗಿಯೋ, ಏಕೆ’ ಎಂದು ಕೇಳಿ. ಬೇಸರಿಸದೆ ಉತ್ತರ ಕೊಡುವವರ ಕೈಗೆ ತಾಯಿಯವರನ್ನು ಒಪ್ಪಿಸಿ. ಕೆಲವು ವಾರ ತಡವಾದರೆ ತೊಂದರೆಯಿಲ್ಲ, ಕೆಲವು ತಿಂಗಳು ಬೇಡ. ಅವರು ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಕರುಳು ಸ್ವಚ್ಛಗೊಳಿಸುವ ಔಷಧದ ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಯ ದಿನವೇ ವೈದ್ಯರು ಹೇಳಿದ ಹೊತ್ತಿಗೆ ಕುಡಿಸಿ. ಆ ಎರಡನೆಯ ಅರ್ಧವನ್ನು ಕುಡಿಯಲು ಎಲ್ಲರೂ ಗೊಣಗುತ್ತಾರೆ, ಆದರೆ ಬಲಭಾಗದ ಕರುಳನ್ನು ತೊಳೆಯುವುದು ಅದೇ.

ತೆಗೆದ ಮೇಲೆ ಎರಡು ವಾರ ಎಚ್ಚರವಿರಲಿ, ಏಕೆಂದರೆ ತಡವಾದ ರಕ್ತಸ್ರಾವ ಆ ಅವಧಿಯಲ್ಲಿ ಬರುತ್ತದೆ. ಬಲಭಾಗದ ದೊಡ್ಡ ಗಾಯಕ್ಕೆ ಆ ಅಪಾಯ ಹೆಚ್ಚು. ಕ್ಲಿಪ್ ಹಾಕಿ ಗಾಯವನ್ನು ಪೂರ್ತಿ ಮುಚ್ಚಿದರೆ ಅದು ಕಡಿಮೆಯಾಗುತ್ತದೆ ಎಂಬುದು ಸಿದ್ಧವಾಗಿದೆ, ಆ ಬಗ್ಗೆಯೂ ಕೇಳಿ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಜ್ವರ ಬಂದರೆ, ಮಲದಲ್ಲಿ ಪದೇ ಪದೇ ರಕ್ತ ಹೋದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ತುಂಡಾಗಿ ತೆಗೆದಿದ್ದರೆ ಆರು ತಿಂಗಳಿಗೆ ಗಾಯದ ಕಲೆಯನ್ನು ನೋಡಿಸಲೇಬೇಕು, ಆಮೇಲೆ ಸುಮಾರು ಒಂದು ವರ್ಷಕ್ಕೆ ಮತ್ತೊಮ್ಮೆ. ಇಡಿಯಾಗಿ ಹೋಗಿ ಅಂಚು ಸ್ವಚ್ಛವಿದ್ದು, ಕ್ಯಾನ್ಸರ್ ಇಲ್ಲವೆಂದಾದರೆ ಸಾಮಾನ್ಯವಾಗಿ ಮೂರು ವರ್ಷಕ್ಕೆ.

ನೀವು ಕೇಳದ ಒಂದು ವಿಷಯ. ಇಂತಹ ದೊಡ್ಡ ಅಡಿನೋಮಾ ತಾಯಿಗೆ ಬಂದಿದ್ದರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಅಪಾಯ ಇತರರಿಗಿಂತ ಹೆಚ್ಚು. ನಿಮಗೆ ಮತ್ತು ನಿಮ್ಮ ಒಡಹುಟ್ಟಿದವರಿಗೆ ನಲವತ್ತು ತುಂಬಿದ್ದರೆ, ಯಾವ ತೊಂದರೆಯೂ ಇಲ್ಲದಿದ್ದರೂ, ಯಾವಾಗ ಮತ್ತು ಯಾವ ಪರೀಕ್ಷೆ ಎಂದು ತಾಯಿಯವರನ್ನು ನೋಡುವ ವೈದ್ಯರನ್ನೇ ಕೇಳಿ. ನಿಮ್ಮ ವಯಸ್ಸನ್ನು ಪತ್ರದಲ್ಲಿ ಬರೆದಿಲ್ಲ.